ನೀಲಿ ಗೌನಿನ ಹುಡುಗಿಯ ವಿಡಿಯೊ

ಹವಾನಾದ ಬ್ರೆಡ್ ಸಾಲಿನ ಕೊನೆಯಲ್ಲಿದ್ದ ನೆರೇಯ್ದಾಳಿಗೆ ಮುಂದಿನ ಇಬ್ಬರು ಯುವಕರ ಮಾತು ಕೇಳಿಸುತ್ತಿತ್ತು.

“ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಸಾಫ್ಟ್‌ವೇರ್ ಹಾಕ್ತಿದ್ದಾಗ ಕರೆಂಟ್ ಹೋಯ್ತು ಕಣೋ. ಆಮೇಲೆ ಸ್ಕ್ರೀನ್ ಬರೀ ಕಪ್ಪು.”

“ಡ್ರೈವರ್ ಎಲ್ಲಿಂದ ತಂದೆ?”

“ವಾರವಾರ ಮನೆಗೆ ಬರುತ್ತಲ್ಲ, ಸಿನಿಮಾ ಡಿಸ್ಕು, ಅದರಲ್ಲಿತ್ತು.”

“ಸರಿಹೋಯ್ತು. ಕಾರ್ಡ್ ಕಿತ್ತು, ಸ್ಕ್ರೀನಿನ ಕೇಬಲ್ ನೇರ ಮದರ್‌ಬೋರ್ಡಿಗೆ ಹಾಕು. ಫಾರ್ಮ್ಯಾಟ್ ಮಾತ್ರ ಮಾಡ್ಬೇಡ, ಒಳಗಿರೋದೆಲ್ಲ ಅಳಿಸಿಹೋಗುತ್ತೆ.”

“ಬೆಳಗ್ಗೇನೇ ಮಾಡ್ಬಿಟ್ಟೆ, ಪಕ್ಕದ ಮನೆ ಕಂಪ್ಯೂಟರಿಗೆ ಹಾರ್ಡ್‌ಡಿಸ್ಕ್ ಹಾಕಿ.”

“ಒಳಗೇನಿತ್ತೋ?”

“ಎಡಿಟಿಂಗಿಗೆ ಬಂದ ವಿಡಿಯೊ, ಮದುವೆ ಥರ ಜೋರಾಗಿ ಮಾಡಿದ ಹದಿನೈದನೇ ಹುಟ್ಟುಹಬ್ಬದ್ದು. ನೀಲಿ ಗೌನಿನ ಹುಡುಗಿ, ಕುದುರೆಗಾಡೀಲಿ ಅಜ್ಜೀನ ತಬ್ಕೊಂಡು ಅಳ್ತಾಳೆ. ಕ್ಯಾಮೆರಾದವನ ಹತ್ರಾನೂ ಉಳಿದಿಲ್ಲ. ನಾಳೆ ಅವರು ಬರ್ತಾರೆ, ಕೈಕಾಲೇ ಆಡ್ತಿಲ್ಲ ಕಣೋ.”

ಬ್ರೆಡ್ ತೆಗೆದುಕೊಂಡು ಇಬ್ಬರೂ ತಲೆ ತಗ್ಗಿಸಿ ಹೊರಟುಹೋದರು.

ನೆರೇಯ್ದಾಳ ಹೆಗಲಿಗೆ ಮೊಮ್ಮಗಳ ಕಣ್ಣೀರಿನ ಒದ್ದೆ ಮತ್ತೆ ತಾಕಿದಂತಾಯಿತು. “ಸಾಲಲ್ಲಿ ಕೊನೆಯವರು ಯಾರು?” ಎಂದು ಆಗಷ್ಟೇ ಬಂದವರೊಬ್ಬರು ಕೇಳಿದರು. ಕೈಯೆತ್ತಬೇಕಾದವಳು ಅವಳೇ. ಕೈ ಮೇಲೇಳಲಿಲ್ಲ.