ಮೋಡದ ಕೆಳಗಿನ ಬೆಳಕು

ರಾಮಮೂರ್ತಿ ನಗರದಲ್ಲಿ ಆ ಸಂಜೆ ಮಳೆ ಹಿಡಿದುಕೊಂಡ ಕೂಡಲೇ ಕರೆಂಟು ಹೋಯಿತು. ಮಹಡಿಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಸೃಷ್ಟಿ ಟಾರ್ಚ್ ಹಿಡಿದು ತಾರಸಿಯ ಬಟ್ಟೆ ತರಲು ಹೊರಟವಳು, ಮನೆಯೊಡತಿ ಗಂಗಲಕ್ಷ್ಮಮ್ಮ ಗದರಿದ್ದಕ್ಕೆ ಮೆಟ್ಟಿಲಲ್ಲೇ ನಿಂತಳು. ವಠಾರದ ಹೆಂಗಸರೆಲ್ಲ ಆಗಲೇ ಆ ಮುದುಕಿಯ ಪಡಸಾಲೆಯಲ್ಲಿ ಮೇಣದಬತ್ತಿಯ ಸುತ್ತ ಕೂತಿದ್ದರು.

"ಬಟ್ಟೆ ಏನು ಓಡಿಹೋಗಲ್ಲ ಬಿಡು. ಆ ಟಾರ್ಚ್ ಆರಿಸಿ ಬಂದು ಕೂತ್ಕೋ... ಯಾಕಂತ ಹೇಳ್ತೀನಿ."

ಸೃಷ್ಟಿ ನಗು ತಡೆದುಕೊಂಡು ಕೂತಳು.

"ತೊಂಬತ್ತೊಂಬತ್ತನೇ ಇಸ್ವಿ ಇರಬೇಕು. ನೀನಿರೋ ಮನೇಲೇ ಶಿವಶರಣ ಅಂತ, ಗುಲ್ಬರ್ಗಾ ಕಡೆಯೋನು, ವಿಮಾನ ಓಡ್ಸೋನು, ಹೆಂಡ್ತಿ ಗೌತಮಿ ಜೊತೆ ಇದ್ದ. ಒಂದಿನ ಬೆವತು ನೀರಾಗಿ ಬಂದ. ವಿಮಾನ ಊರ ಹತ್ರ ಬರೋವಾಗ ಎದುರಿಗೊಂದು ಬೆಳಕು ಕಾಣ್ತಂತೆ. ಎದುರು ಬರೋ ವಿಮಾನಕ್ಕೆ ದೀಪ ಆರಿಸಿ ಹತ್ತಿಸಿ ತೋರ್ಸೋದು ಅವರಲ್ಲೊಂದು ವಾಡಿಕೆ ನೋಡು, ಹಂಗೇ ಎರಡು ಸಲ ತೋರಿಸ್ದ. ಅದೂ ಭಗ್ಗನೆ ಉರಿದು ಆರಿಹೋಯ್ತಂತೆ. ರೇಡಿಯೋದಲ್ಲಿ ಕೆಳಗೆ ನಿಲ್ದಾಣದೋರನ್ನ ಕೇಳಿದ್ರೆ, ಅಲ್ಲಿ ಯಾವ ವಿಮಾನಾನೂ ಇಲ್ಲ ಅಂದ್ರಂತೆ.

"ನನ್ನ ಎದೆ ಧಸಕ್ ಅಂತು. ಯಾಕೆ ಗೊತ್ತಾ? ಈ ಲೇಔಟ್ ಆಗೋಕ್ ಮುಂಚೆ ಇಲ್ಲೆಲ್ಲ ನಮ್ಮ ರಾಗಿ ಹೊಲ, ಆ ಕಡೆ ಈಗಲೂ ಇರೋ ಕೆರೆ. ಮಳೆಗಾಲದಲ್ಲಿ ಕೆರೆ ಮೇಲೆ ಕೊಳ್ಳಿದೆವ್ವ ಓಡಾಡೋದು. ಕಂಡ ಕೂಡ್ಲೇ ನಮ್ಮೋರು ಲಾಟೀನು ಸೆರಗಲ್ಲಿ ಮರೆ ಮಾಡ್ಕೊಳ್ಳೋರು. ಅದಕ್ಕೆ ದೀಪ ಎತ್ತಿ ತೋರಿಸಿದ್ರೆ ಕರೆದಂಗೆ. ಕರೆದೋನ ಮನೆ ಹುಡುಕ್ಕೊಂಡು ಬರುತ್ತೆ...

"ಸ್ವಲ್ಪ ದಿನ ಆದ್ಮೇಲೆ ಶಿವಶರಣ ನಗ್ತಾ ಬಂದ. 'ಹೆದರ್ಬ್ಯಾಡ್ರೀ ಅಮ್ಮಾ, ಅದು ಸ್ಯಾಟಲೈಟ್. ಭಾಳ ಪೈಲಟ್‌ಗಳು ಹಿಂಗೇ ಮೋಸ ಹೋಗ್ಯಾರ. ಅದರ ಹಲಗಿ ಕನ್ನಡಿ ಇದ್ದಂಗ, ಬಿಸಿಲು ಬಡಿದ್ರ ಫಳ್ ಅಂತದ' ಅಂದ. ಮೋಡ ಇಲ್ಲದ ಒಂದು ಸಂಜೆ ನನ್ನನ್ನೂ ಗೌತಮೀನೂ ತಾರಸಿಗೆ ಕರ್ಕೊಂಡೋಗಿ, ಈಗ ಬರ್ತದ ನೋಡ್ರಿ ಅಂದ. ಹಂಗೇ ಬಂತು, ಮಿಂಚ್ತು, ಹೋಯ್ತು. ಸುಳ್ಳ್ಯಾಕೆ ಹೇಳಲಿ, ನಾನೂ ನಂಬಿದೆ.

"ಅಲ್ಲಿಂದ ಅವನಿಗೆ ಭಯವೇ ಹೋಯ್ತು. ಕೆಟ್ಟಿದ್ದೇ ಅಲ್ಲಿ ಕಣಮ್ಮಾ. ಇಂಥದೇ ಒಂದು ಸಂಜೆ, ಇಂಥದೇ ಮಳೆ, ಕೆರೆ ಮೇಲೆ ಬೆಳಕು ಬಂತು. ಸ್ಯಾಟಲೈಟ್ ಅನ್ಕೊಂಡು, ತಮಾಷೆಗೆ ದೀಪ ತೋರಿಸೋಕೆ ಟಾರ್ಚ್ ತಗೊಂಡು ಮೇಲಕ್ಕೆ ಓಡ್ದ. ನಾನು ಕೈ ಹಿಡಿದೆ. 'ಲೋ, ಮೋಡ ಮುಚ್ಚಿ ಒಂದು ನಕ್ಷತ್ರಾನೂ ಕಾಣ್ತಿಲ್ಲ, ಅದು ಹೆಂಗೋ ಕಾಣುತ್ತೆ?' ಅಂದೆ. ಕೇಳಿದ್ನಾ? ಬಿಡಿಸ್ಕೊಂಡು ಹೋದ. ನಾನೂ ಗೌತಮೀನೂ ತಾರಸಿ ಬಾಗಿಲಲ್ಲಿ ನಿಂತ್ವಿ. ಅವನು ಎರಡು ಸಲ ಟಾರ್ಚ್ ತೋರಿಸ್ದ. ಅದೂ ಎರಡು ಸಲ ತೋರಿಸ್ತು... ಆಮೇಲೆ ನಮ್ಮ ಕಡೇಗೇ ಹೊರಟಿತು ನೋಡು, ಮೋಡದ ಕೆಳಗೆ, ತೆಂಗಿನಮರಗಳ ಮೇಲೆ, ಒಂದಿಷ್ಟೂ ಸದ್ದಿಲ್ಲ. ಆಗ ಅವನಿಗೆ ಗೊತ್ತಾಯ್ತು. ನಮ್ಮ ಕಡೆ ತಿರುಗ್ದ, ಬಾಯಿ ತೆರೆದ, ಕಾಲು ಮಾತ್ರ ಕೀಳೋಕಾಗ್ಲಿಲ್ಲ. ಎಲ್ಲಾ ಬೆಳ್ಳಗಾಯ್ತು. ಕಣ್ಣು ಬಿಟ್ಟಾಗ ತಾರಸಿ ಮೇಲೆ ಬರೀ ಮಳೆ."

 ಸೃಷ್ಟಿ ಮುದುಕಿಯ ಹತ್ತಿರಕ್ಕೆ ಜರುಗಿದಳು.

"ಸಿಕ್ಕಿದ್ರಾ ಅಜ್ಜಿ?"

"ಕೆರೆಯೆಲ್ಲಾ ಜಾಲಾಡಿದ್ರು. ಎಲ್ಲಿಂದ ಸಿಗ್ತಾನೆ? ಮುಂದಿನ ಮಳೇಲಿ ಬೆಳಕು ಮತ್ತೆ ಬಂತು. ಗೌತಮಿ ದೀಪ ಎತ್ತೋಕೆ ಓಡಿದ್ಲು. ನನ್ನ ಕಾಲಿಗೆ ಬಿದ್ದು ಬೇಡಿದ್ಲಮ್ಮಾ, ಒಂದೇ ಸಲ ತೋರಿಸ್ತೀನಿ ಅಂತ. ನಾನು ತಬ್ಬಿ ಹಿಡ್ಕೊಂಡು ಬಿಡ್ಲಿಲ್ಲ, ಬೆಳಗ್ಗೆ ತವರಿಗೆ ಕಳಿಸಿದೆ."

"ದೀಪ ಯಾಕೆ ಎತ್ತಬೇಕಿತ್ತು ಅವರು?"

"ಮೊದ್ಲೆಲ್ಲ ಒಂದೇ ಬರೋದು ಕಣೇ. ಆವತ್ತಿಂದ ಎರಡು ಬರ್ತವೆ. ಹೋದ ಮಳೇಲೂ ನಾನೇ ಕಂಡೆ. ಮುಂದಿಂದು ಸುಮ್ನೆ ಹೋಗುತ್ತೆ. ಹಿಂದಿಂದು ನಮ್ಮ ಮನೆ ನೇರಕ್ಕೆ ಬಂದು ನಿಲ್ಲುತ್ತೆ, ಅವನು ತೋರಿಸ್ತಿದ್ದಂಗೇ ಎರಡು ಸಲ ಆರಿ ಹತ್ತುತ್ತೆ... ಆಮೇಲೆ ಕಾಯುತ್ತೆ."