ಕಪಾಟು ಸರಿಸಬೇಡ

...ಇಲ್ಲ, ಮೊದಲು ಆ ಚಾರ್ಟನ್ನ ಗೋಡೆಯಿಂದ ಕೀಳು. ಆಮೇಲೆ ಮಾತು. ಕೀಳು ಅಂದೆ! ಈಗಷ್ಟೇ ಬಾಯ್ತುಂಬ ಓದಿ ಹೇಳಿದ್ಯಲ್ಲ, ನಾಲ್ಕು ಚೌಕ. ಬಲ, ದೌರ್ಬಲ್ಯ, ಅವಕಾಶ, ಅಪಾಯ. ಬಲದಲ್ಲಿ ಏನು? ನಾಲ್ಕು ಸಾವಿರ ಪುಸ್ತಕ, ಗಾಳಿ ಬೆಳಕಿರೋ ಕೋಣೆ. ದೌರ್ಬಲ್ಯದಲ್ಲಿ? 'ಲೈಬ್ರರಿ ಟೀಚರ್ ಹೆದರಿಕೆಯಿಂದ ಮಕ್ಕಳು ಬರುವುದಿಲ್ಲ.' ಯಾರಮ್ಮ ಆ ಲೈಬ್ರರಿ ಟೀಚರು? ಈ ಶಾಲೇಲಿ ನಾನಲ್ಲದೆ ಇನ್ನೊಬ್ಬಳಿದ್ದಾಳಾ?

ಯಾಕೆ ನಗ್ತೀಯ?... ಕೆಮ್ಮಾ? ಸರಿ, ಕೆಮ್ಮು. ನುಸಿಗುಳಿಗೆ ವಾಸನೆ ನಿನಗೆ ಆಗಲ್ಲ ಅಲ್ವಾ. ಅದನ್ನೂ ಬರ್ಕೊ. ದೌರ್ಬಲ್ಯ ಎರಡು, ನುಸಿಗುಳಿಗೆ.

ನನ್ನ 'ಅಕ್ಕಾ' ಅನ್ಬೇಡ. ಅಕ್ಕ ಅಂತ ಕರೆದು ಬೆನ್ನಿಗೆ ಚೂರಿ ಹಾಕೋರನ್ನ ಈ ಇಪ್ಪತ್ತೊಂಬತ್ತು ವರ್ಷದಲ್ಲಿ ಬೇಕಾದಷ್ಟು ನೋಡಿದ್ದೀನಿ. ನೀನು ಬಂದು ನಾಲ್ಕು ತಿಂಗಳು. ನಾಲ್ಕು ತಿಂಗಳಿಗೆ ಹೆಡ್ಮಾಸ್ಟ್ರು ನನ್ನ ಕರೆದು ಏನಂದ್ರು ಗೊತ್ತಾ? 'ಆ ಹುಡುಗಿ ಲೈಬ್ರರಿ ನಿರ್ವಹಣೆ ಓದ್ಕೊಂಡು ಬಂದಿದ್ದಾಳೆ, ಮೂರು ವರ್ಷದ ಯೋಜನೆ ಮಾಡ್ತಾಳಂತೆ, ನೀವೂ ಜೊತೇಲಿ ಕೂತು ಕಲೀರಿ' ಅಂತ. ಕಲೀರಿ! ಈ ಕೋಣೇಲಿ ಬರೀ ಎರಡು ಬೆಂಚಿದ್ದ ಕಾಲದಿಂದ ಇದ್ದೀನಿ ನಾನು. ಆ ಕಪಾಟುಗಳಿಗೆ ಮರ ಆರಿಸಿದವಳು ನಾನು. ಈಗ ಕಲೀಬೇಕಂತೆ, ಅಆಇಈ ಕಲಿಯೋ ಹಾಗೆ... ನಿನ್ನ ಹತ್ರ!

ಏನು?... ಜೋರಾಗಿ ಹೇಳು. ಮಕ್ಕಳು ಬರೆದ ಚೀಟಿಗಳಾ? ಗೊತ್ತು, ನಿನ್ನ ಆ ಸಮೀಕ್ಷೆ. 'ನೀವು ಲೈಬ್ರರಿಗೆ ಯಾಕೆ ಹೋಗುವುದಿಲ್ಲ?' ಅಂತ ಕೇಳಿದ್ರೆ ಯಾವ ಮಗು ತಾನೇ 'ನನಗೆ ಸೋಮಾರಿತನ' ಅಂತ ಬರೆಯುತ್ತೆ? ಹೆದರಿಕೆ ಅಂತ ಬರೆಯುತ್ತೆ. ನಾನೇನು ಹುಲಿಯಾ?

ಎಷ್ಟು?... ಎಂಬತ್ತರಲ್ಲಿ ಅರವತ್ತಾರು?

...ಇರ್ಲಿ ಬಿಡು. ಹೆದರಿಕೆ ಒಳ್ಳೇದೇ. ಹೆದರಿಕೆ ಇದ್ರೆ ಪುಟ ಹರಿಯಲ್ಲ. ಒಂದೇ ಒಂದು ಪುಸ್ತಕ ಕಳೆದಿದೆಯಾ ಇಲ್ಲಿ? ಕೇಳು, ಏನು ಬೇಕಾದ್ರೂ ಕೇಳು. ಮೂರನೇ ಕಪಾಟು, ನಾಲ್ಕನೇ ಸಾಲು, ಎಡಗಡೆಯಿಂದ ಒಂಬತ್ತನೇದು, ಹಕ್ಕಿಗಳ ಪುಸ್ತಕ. ಬೆನ್ನಿನ ಮೇಲೆ ಕೆಳಗಡೆ ಬಟ್ಟೆಪಟ್ಟಿ ಅಂಟಿಸಿದ್ದೀನಿ. ಅದರ ಪಕ್ಕದ್ದು ದಪ್ಪ ರಟ್ಟು, ಅದು ಭೂಗೋಳ. ಹೋಗಿ ನೋಡು ಬೇಕಾದ್ರೆ! ನಿನ್ನ ಕಂಪ್ಯೂಟರು ಇಷ್ಟು ಬೇಗ ಹೇಳುತ್ತಾ?

ಬೆಳಗಿನ ಬಿಡುವಿನಲ್ಲಿ ಬಾಗಿಲು ಯಾಕೆ ಹಾಕ್ತೀನಿ ಅಂದ್ರೆ... ಗಲಾಟೆ. ಐವತ್ತು ಮಕ್ಕಳು ಒಟ್ಟಿಗೆ ನುಗ್ಗಿ 'ಟೀಚರ್ ಅದು, ಟೀಚರ್ ಇದು' ಅಂದ್ರೆ ನಾನೇನು ಹತ್ತು ಕೈಯವಳಾ? ಅಷ್ಟೇ ಕಾರಣ. ಇನ್ನೇನಿರುತ್ತೆ?

ಯಾವ ಹುಡುಗಿ?

ಓ... ಅವಳಾ. ನಾಲ್ಕನೇ ಕ್ಲಾಸಿನ, ಆ ಮೂಗಲ್ಲಿ ಮಾತಾಡೋಳು. ಅವಳೂ ಚೀಟಿ ಬರೆದ್ಲಾ? ಏನು ಬರೆದ್ಲು?... ಬೇಡ, ಓದ್ಬೇಡ. ನಾನೇ ಹೇಳ್ತೀನಿ ಅವಳ ಕಥೆ. ನಕ್ಷತ್ರದ ಪುಸ್ತಕ ಕೊಡಿ ಅಂದ್ಲು. ಕೊಟ್ಟೆ. ಎಲ್ಲರ ಮುಂದೆ ತಿರುಗಿಸಿ ನೋಡಿ, 'ಟೀಚರ್, ಇದು ಹಲ್ಲುನೋವಿನ ಪುಸ್ತಕ' ಅಂದ್ಲು! ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಗ್ತು. ಅವಳೇ ಪಕ್ಕದಿಂದ ಬದಲಾಯಿಸಿ ನನ್ನ ಮಂಗ ಮಾಡಿದ್ಲು ಅಂತ ನಾನು... ಸುಳ್ಳಿ ಅಂದೆ, ಹೌದು ಅಂದೆ. ಒಂದು ವಾರ ಬಾಗಿಲ ಹೊರಗೆ ನಿಲ್ಲಿಸ್ದೆ. ಕಾರ್ಡು ಕಿತ್ಕೊಂಡೆ. ಅಳ್ತಾ ಅಳ್ತಾನೂ 'ನಾನು ಬದಲಾಯಿಸಿಲ್ಲ, ನಾನು ಬದಲಾಯಿಸಿಲ್ಲ' ಅಂತಾನೇ ಇದ್ಲು. ಎಂಥಾ ಹಟ ನೋಡು.

ಉಸಿರು ಯಾಕೆ ಹಾಗೆ ಬಿಡ್ತೀಯ? ನಿನ್ನ ಮಗಳಾ ಅವಳು? ಸಂಬಂಧವೇ ಇಲ್ಲ, ಆದ್ರೂ ಕರುಳು ಕಿತ್ತು ಬರ್ತಿದೆ!

ಸರಿ, ಯೋಜನೆಗೆ ಬಾ. ಎರಡನೇ ಹಾಳೆ ಇನ್ನೊಂದ್ಸಲ ಓದು. ನೀನೇ ಓದು, ನನಗೆ ಪುರುಸೊತ್ತಿಲ್ಲ... ಹೂಂ. 'ಮೊದಲ ವರ್ಷ: ಎಲ್ಲ ಕಪಾಟು ಖಾಲಿ ಮಾಡಿ ಲೆಕ್ಕ ತೆಗೆಯುವುದು. ವಿಷಯದ ಪ್ರಕಾರ ಹೊಸ ನಂಬರು. ಚಿಕ್ಕ ಮಕ್ಕಳ ಪುಸ್ತಕ ಕಿಟಕಿ ಹತ್ತಿರ, ಕೈಗೆಟುಕುವ ಎತ್ತರದಲ್ಲಿ...'

ಸಾಕು! ಕಪಾಟು ಸರಿಸಬೇಡ. ಉಳಿದದ್ದು ಏನಾದ್ರೂ ಮಾಡ್ಕೊ. ಓದೋ ಗಂಟೆ ಇಡು, ಗೋಡೆಗೆ ಬಣ್ಣ ಹಚ್ಚು, ಮಕ್ಕಳ ಸಮಿತಿ ಮಾಡು, ನನ್ನ ತಲೆ ಮೇಲೆ ಕೂರಿಸು. ಕಪಾಟು ಮಾತ್ರ ಸರಿಸಬೇಡ. ಒಂದೇ ಒಂದು ಪುಸ್ತಕ ಜಾಗ ಬಿಟ್ಟು ಕದಲಬಾರದು. ಹೋದ ವರ್ಷ ಸುಣ್ಣ ಬಳಿಯೋರು ಬಂದು ಎರಡು ಕಪಾಟು ಖಾಲಿ ಮಾಡಿ, ಅವರಿಗೆ ಬೇಕಾದ ಹಾಗೆ ತುಂಬಿ ಹೋದ್ರು. ಅವತ್ತಿಂದ ನನ್ನ ಪಾಡು...

ಏನಿಲ್ಲ. ನನ್ನ ಪಾಡು ನನಗೆ.

ಕಾರಣ ಬೇಕಾ? ಕಾರಣ ಯಾಕಮ್ಮ ಕೊಡ್ಬೇಕು ನಾನು ನಿನಗೆ? ಬೇಡ ಅಂದ್ರೆ ಬೇಡ! ಹಿರಿಯರು ಬೇಡ ಅಂದ್ರೆ ಸುಮ್ಮನಾಗೋದನ್ನ ನಿಮ್ಮ ತರಬೇತೀಲಿ ಹೇಳ್ಕೊಡಲ್ವಾ?

ಹಾಂ? ಬರವಣಿಗೇಲಿ ಕೊಡ್ಬೇಕಾ? 'ಒಪ್ಪದೇ ಇದ್ರೆ ಕೆಳಗಡೆ ಎರಡು ಸಾಲು ಬರೆದು ಸಹಿ ಮಾಡಿ'... ಹೆಡ್ಮಾಸ್ಟ್ರು ಹೇಳಿದ್ರಾ, ನೀನೇ ಹೊಸೆದದ್ದಾ? ಇಲ್ಲಾಂದ್ರೆ ಮೂರು ಗಂಟೆಗೆ ಅವರೇ ಬಂದು ನನ್ನ ಪಕ್ಕ ಕೂತು ಸಾಲು ಸಾಲಾಗಿ ಓದಿಸ್ತಾರಾ? ಓದಿಸ್ತಾರೆ ಅಂದ್ರೆ... ನನ್ನ ಕೈಲೇ?

ಬೇಡ. ಅವರು ಬರೋದು ಬೇಡ. ಕೊಡು ಇಲ್ಲಿ. ಎರಡು ಸಾಲೂ ಬೇಡ, ಒಂದೇ ಮಾತು. 'ಒಪ್ಪಿಲ್ಲ.' ಕೆಳಗೆ ಸಹಿ. ಪೆನ್ನು ಕೊಡು... ಮೇಜಿನ ಮೇಲೆ ಇಟ್ಟಿದ್ದೀಯಾ, ಸರಿ, ಸಿಕ್ತು. ಹಾಳೆ? ಇಲ್ಲೇ ಇದೆ, ಸುಮ್ಮನಿರು, ಗೊತ್ತು ನನಗೆ. ತೋರಿಸೋಕೆ ಬರ್ಬೇಡ, ಕೈ ತೆಗಿ!

ನೋಡು. ಒಪ್ಪಿಲ್ಲ. ಇದು ಸಹಿ. ಇದು ಇವತ್ತಿನ ತಾರೀಖು. ತಗೊ! ತಗೊಂಡು ಹೋಗಿ ಕೊಡು ನಿನ್ನ ಹೆಡ್ಮಾಸ್ಟ್ರಿಗೆ! ಹೋಗು!

...

ತಗೊ ಅಂದೆ.

ಯಾಕೆ ಎತ್ಕೊಳ್ತಿಲ್ಲ? ಅಕ್ಷರ ಚೆನ್ನಾಗಿಲ್ವಾ? ಅವಸರದಲ್ಲಿ ಬರೆದೆ. ಯಾಕೆ ಸುಮ್ಮನಾದೆ? ಇಷ್ಟು ಹೊತ್ತು ವಟವಟ ಅಂತಿದ್ದೆ... ಏನು, ಸಹಿ ತಪ್ಪಾ? ತಪ್ಪು ಜಾಗದಲ್ಲಿ ಹಾಕಿದ್ನಾ?

ಬಟ್ಟೆ... ಇದು ಬಟ್ಟೆ. ಮೇಜಿನ ಮೇಲಿನ ಬಟ್ಟೆ. ಇದರ ಮೇಲೆ ಬರೆದ್ನಾ? ಹಾಳೆ ಎಲ್ಲಿ? ಹಾಳೆ ಎಲ್ಲಿಟ್ಟೆ ನೀನು? ಬೇಕೂಂತ ಎಳ್ಕೊಂಡ್ಯಾ? ಎಳ್ಕೊಂಡೆ ಅಂತ ಹೇಳು! ಹೇಳು, ಎಳ್ಕೊಂಡೆ ಅಂತ!

...

ಎಳ್ಕೊಂಡಿಲ್ಲ. ಗೊತ್ತು. ನೀನು ಅಂಥವಳಲ್ಲ.

ಎರಡು ವರ್ಷ ಆಯ್ತು. ಕಣ್ಣಿನ ಹಿಂದಿನ ನರ ಸತ್ತಿದೆಯಂತೆ, ಕನ್ನಡಕಕ್ಕೂ ಬಗ್ಗಲ್ಲವಂತೆ. ಕಿಟಕಿ ಇದ್ದಲ್ಲಿ ಒಂದಿಷ್ಟು ಬೆಳಕು, ಜನ ಇದ್ದಲ್ಲಿ ಒಂದಿಷ್ಟು ಮಬ್ಬು. ಅಷ್ಟೇ. ನನ್ನ ತಂಗಿ ಗೇಟಿನ ತನಕ ಕೈ ಹಿಡ್ಕೊಂಡು ಬಂದು ಬಿಟ್ಟು ಹೋಗ್ತಾಳೆ. ಕೇಳಿದೋರಿಗೆ ಅವಳಿಗೆ ಮಂಡಿನೋವು, ನಾನೇ ಹಿಡ್ಕೊಂಡಿರೋದು ಅಂತೀನಿ. ಗೇಟಿಂದ ಇಲ್ಲಿಗೆ ನೂರಾ ಹನ್ನೆರಡು ಹೆಜ್ಜೆ. ಒಳಗೆ ಬಂದ್ಮೇಲೆ ಕಪಾಟುಗಳೇ ನನ್ನ ಕಣ್ಣು. ಅದಕ್ಕೇ ಅಂದೆ... ನೀನು ಅವನ್ನ ಸರಿಸಿದ್ರೆ ನಾನು ಎಲ್ಲಿಗೆ ಅಂತ ಹೋಗ್ಲಿ? ಮನೇಲಿ ಕೂತ್ಕೊಳ್ಳಿ ಅಂತಾರೆ ಎಲ್ಲರೂ. ಮನೇಲಿ ಕೂತು ಏನನ್ನ ಮುಟ್ಟಿ ನೋಡ್ಲಿ?

ಆ ಮಗು ಸುಳ್ಳು ಹೇಳಿರ್ಲಿಲ್ಲ ಕಣೇ. ಸಾಯಂಕಾಲ ಎಲ್ಲರೂ ಹೋದ್ಮೇಲೆ ತಂಗಿ ಕೈಲಿ ಆ ಪುಸ್ತಕ ಓದಿಸ್ದೆ. ಹಲ್ಲುನೋವೇ. ನಾನೇ ಕೊಟ್ಟಿದ್ದು. ಮಾರನೇ ದಿನ ಅವಳು ಬಾಗಿಲಲ್ಲಿ ನಿಂತು ಮೂಗು ಸೇದೋ ಸದ್ದು ಕೇಳಿಸ್ತಿತ್ತು... ಆದ್ರೂ ಒಳಗೆ ಬಾ ಅನ್ನಲಿಲ್ಲ. ಅಂದಿದ್ರೆ ಎಲ್ಲ ಹೇಳ್ಬೇಕಾಗ್ತಿತ್ತಲ್ಲ. ವಾರ ಪೂರ್ತಿ ನಿಲ್ಲಿಸ್ದೆ.

ದೌರ್ಬಲ್ಯ ಅಂತ ಬರೆದ್ಯಲ್ಲ, ಇರ್ಲಿ, ಅಳಿಸ್ಬೇಡ. ನಾಳೆ ಆ ಮಗೂನ ಕರ್ಕೊಂಡು ಬಾ. ಕಾರ್ಡು ನನ್ನ ಡ್ರಾಯರಲ್ಲೇ ಇದೆ. ಎಲ್ಲರ ಮುಂದೆ ಅಂದಿದ್ದನ್ನ ಎಲ್ಲರ ಮುಂದೇನೇ ವಾಪಸ್ ತಗೋತೀನಿ. ಆಮೇಲೆ ಹೆಡ್ಮಾಸ್ಟ್ರಿಗೆ... ನೀನು ಹೇಳ್ತೀಯೋ, ನಾನೇ ಹೇಳ್ಲೋ?

ಕೇಳಿಸ್ತಾ?

ಹೋಗ್ಬಿಟ್ಯಾ? ಬಾಗಿಲ ಸದ್ದು ಆಗ್ಲಿಲ್ವಲ್ಲ... ಮಾತಾಡೇ ತಾಯಿ. ಬೈಯಾದ್ರೂ ಬೈ. ನೀನು ಮಾತಾಡಿದ್ರೆ ತಾನೇ, ಎಲ್ಲಿ ನಿಂತಿದ್ದೀಯ ಅಂತ ನನಗೆ ಗೊತ್ತಾಗೋದು!