ಅಣ್ಣನ ಗಾಡಿಯ ತಳ

...ಹೇಳಿ ಕಳಿಸಿದ್ರೆ ಮುಗಿಸಿ ನಾನೇ ತಂದುಕೊಡ್ತಿದ್ದೆ ಅತ್ತಿಗೆ. ಅಷ್ಟು ಹತ್ತಿರ ಬೇಡ, ಕಿಡಿ ಹಾರುತ್ತೆ. ಸ್ಟೂಲ್ ಮೇಲೆ ಕೂತ್ಕೊಳ್ಳಿ. ಕೂರಲ್ವಾ? ಸರಿ.

ಗಾಡಿ ಮೂತಿ ನೆಟ್ಟಗಾಯ್ತು, ಇನ್ನು ತಳ ಒಂದೇ ಬಾಕಿ. ಅಣ್ಣ ಹೋಗಿ ಮೂರು ತಿಂಗಳು, ಇನ್ನು ನಾನೇ ಗಾಡಿ ಓಡಿಸಿ ಮೀನು ಸಾಗಿಸ್ತೀನಿ ಅಂದ್ರಲ್ಲ, ಅದಕ್ಕೇ ಹೇಳ್ತಿದ್ದೀನಿ, ಅವಸರ ಮಾಡಬೇಡಿ. ಮೀನಿನ ಉಪ್ಪುನೀರು ಕುಡಿದು ಕುಡಿದು ತಳ ಜರಡಿ ಆಗಿದೆ. ಸುತ್ತಿಗೆ ಮುಟ್ಟಿಸಿದ್ರೆ ಪುಡಿ. ಗಟ್ಟಿ ತಗಡು ಸಿಗೋವರೆಗೂ ಕತ್ತರಿಸ್ಬೇಕು, ಅಲ್ಲಿಂದ ಹೊಸದು ಬೆಸೆದ್ಕೊಂಡು ಬರ್ಬೇಕು. ನಾಲ್ಕು ದಿನ...

ಯಾಕೆ ಹಾಗೆ ನೋಡ್ತೀರಿ?

ಓ, ಇದಾ. ಇದು ಹಳೇ ತೇಪೆ. ಯಾರೋ ಹಾಕಿದ್ದು. ತುಕ್ಕಿನ ಮೇಲೇ ತಗಡಿಟ್ಟು, ಅಲ್ಲೊಂದು ಇಲ್ಲೊಂದು ಬೆಸುಗೆ ಚುಕ್ಕಿ, ಮೇಲೆ ಟಾರು. ಹುಣ್ಣಿಗೆ ಪೌಡರ್ ಬಳಿದ ಹಾಗೆ. ಎಂಥೆಂಥವರು ಇರ್ತಾರೆ ನೋಡಿ ಈ ಕಸುಬಲ್ಲಿ.

ನಗ್ತಿದ್ದೀರಾ? ಇಲ್ಲ... ಅದು ನಗು ಅಲ್ಲ.

ನಿಜ, ಅಣ್ಣ ಈ ಗಾಡಿ ರಿಪೇರಿಗೆ ನನ್ನ ಬಿಟ್ಟು ಬೇರೆ ಯಾರ ಕೈಗೂ ಕೊಡ್ತಿರಲಿಲ್ಲ. ಒಂದ್ಸಲ ಪರವೂರಲ್ಲಿ ಕೆಟ್ಟು ನಿಂತಿತ್ತಲ್ಲ, ಅಲ್ಲಿ ಯಾರಾದ್ರೂ... ಇಲ್ವಾ. ಅವತ್ತೂ ನಾನೇ ಹೋಗಿದ್ದೆ, ಅಲ್ವಾ.

ಅತ್ತಿಗೆ, ಕೇಳಿ. ಹೋದ ವರ್ಷ ಅಣ್ಣ ಗಾಡಿ ತಂದು ಬಿಟ್ಟ. ಸೀಟು ಅಲ್ಲಾಡ್ತಿದೆ, ತಳ ಪೂರ್ತಿ ಬದಲಾಯಿಸು ಅಂದ. ನನ್ನ ಕೈತುಂಬ ಬೇರೆಯವರ ಕೆಲಸ. ಅಣ್ಣ ತಾನೆ, ಆಮೇಲೆ ಸರಿಯಾಗಿ ಮಾಡಿಕೊಟ್ರಾಯ್ತು ಅಂತ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆ. ಸೀಟಿನ ಬೋಲ್ಟು ಈ ತೇಪೆಗೇ ಕಚ್ಚಿಸ್ದೆ. ಅವನು ಬಗ್ಗಿ ಕೂಡ ನೋಡಲಿಲ್ಲ. "ನೀನು ಮಾಡಿದ್ಮೇಲೆ ನೋಡೋದೇನಿದೆ" ಅಂದ.

ತೂಕಡಿಸಿ ಸೇತುವೆ ಗೋಡೆಗೆ ಗುದ್ದಿದ ಅಂತ ಎಲ್ಲರಿಗೂ ಹೇಳಿದವನು ನಾನೇ. ನಿಮಗೂ. ಅವನು ತೂಕಡಿಸಿರಲಿಲ್ಲ. ಚಕ್ರ ಗುಂಡಿಗೆ ಬಿದ್ದಾಗ ಸೀಟು ಬುಡಸಮೇತ ಕಿತ್ತು ಹಿಂದಕ್ಕೆ ಮಗುಚಿದೆ. ಬ್ರೇಕು ಕಾಲಿಗೆ ಸಿಕ್ಕಿರಲ್ಲ. ಗಾಡಿ ಎಳೆದು ತಂದು ನಿಮ್ಮ ಮನೆ ಮುಂದೆ ನಿಲ್ಲಿಸಿದ ದಿನವೇ ಈ ಹರಿದ ತೂತು ನೋಡಿದೆ. ನೋಡಿ, ಸೀಟು ಎತ್ತಿ ಕೂರಿಸಿ, ಮೇಲೆ ಮ್ಯಾಟ್ ಎಳೆದೆ.

ಹಿಂದಿನ ರಾತ್ರಿ ಜಗಳ ತೆಗೆದು ಗಂಡನ ನಿದ್ದೆ ಕೆಡಿಸಿದ್ಳು, ಅವನನ್ನ ಇವಳೇ ತಿಂದ್ಕೊಂಡ್ಳು ಅಂತ ಅಮ್ಮ ನಿಮ್ಮನ್ನ ನಾಲ್ಕು ಜನರ ಮುಂದೆ ಅಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನೀವು ತಲೆ ತಗ್ಗಿಸಿದ್ರಿ. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅಮ್ಮ ನಿಮ್ಮ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲ್ಲ.

ಬೈದುಬಿಡಿ ಅತ್ತಿಗೆ. ಏನಾದ್ರೂ ಅನ್ನಿ.

...ನಿಮಗೆ ಗೊತ್ತಿತ್ತು. ಮ್ಯಾಟ್ ಎತ್ತಿ ನೋಡಿದ್ರಾ? ಅದಕ್ಕೇನಾ ಊರಲ್ಲಿರೋ ಗ್ಯಾರೇಜೆಲ್ಲ ಬಿಟ್ಟು ನನ್ನ ಹತ್ತಿರ ತಂದಿದ್ದು?

ಕತ್ತರಿಸಿಟ್ಟ ಆ ತೇಪೆ ಯಾಕೆ ಎತ್ಕೊಂಡ್ರಿ, ತಗಡು ಕೈ ಕೊಯ್ಯುತ್ತೆ. ಎಲ್ಲಿಗೆ ಹೊರಟ್ರಿ?

ಅಮ್ಮನ ಹತ್ತಿರಾನಾ.

ಕೈ ತೊಳ್ಕೊಂಡು... ಬೇಡ್ವಾ. ಸರಿ.

ಕೊಡಿ ಇಲ್ಲಿ. ನಾನೇ ಹೊರ್ತೀನಿ.